ಓದುಗರ ಪ್ರಶ್ನೆ: ನೆಲಹಾಸಿಗೆ ಯಾವ ಅಳತೆ, ಯಾವ ಬಣ್ಣ, ಯಾವ ನೂಲು?

ಮಳೆಗಾಲ ಮುಗಿದು ಹಬ್ಬಗಳು ಶುರುವಾಗುವ ಹೊತ್ತಿಗೆ ರಗ್, ಜಮಖಾನೆ, ರನ್ನರ್‌ಗಳ (ಓಣಿಗೆ ಹಾಸುವ ಉದ್ದನೆಯ ಹಾಸು) ಬಗ್ಗೆ ಪತ್ರಗಳು ಜಾಸ್ತಿ ಬರುತ್ತವೆ. ಹೆಚ್ಚಿನವರು ಬಣ್ಣದಿಂದಲೇ ಪ್ರಶ್ನೆ ಶುರುಮಾಡುತ್ತಾರೆ. ಅಳತೆ ತಪ್ಪಿದರೆ ಎಂಥ ಚಂದದ ಬಣ್ಣವೂ ಕೈಹಿಡಿಯುವುದಿಲ್ಲ. ನೂಲು ತಪ್ಪಿದರೆ ನಮ್ಮ ದಿನನಿತ್ಯದ ನೆಲ ಒರೆಸುವ ನೀರಿಗೇ ಅದು ಹಾಳಾಗುತ್ತದೆ. ಆದ್ದರಿಂದ ಈ ಸಲ ಮೊದಲು ಟೇಪು ಹಿಡಿಯೋಣ, ಬಣ್ಣ ಆಮೇಲೆ.

ಪ್ರ: ನಮ್ಮ ಹಾಲ್ 11 ಅಡಿ ಅಗಲ, 16 ಅಡಿ ಉದ್ದ. ಉದ್ದದ ಗೋಡೆಗೆ 7 ಅಡಿಯ ಸೋಫಾ, ಅದರ ಎರಡು ಬದಿಗೆ ಒಂದೊಂದು ಕುರ್ಚಿ, ಎದುರುಗಡೆ ಟಿ.ವಿ. ಕಪಾಟು. 4×6 ಅಡಿಯ ರಗ್ ತಂದು ಹಾಕಿದ್ದೇವೆ. ನಡುವೆ ಅಂಚೆಚೀಟಿ ಅಂಟಿಸಿದ ಹಾಗೆ ಕಾಣುತ್ತದೆ. ಏನು ಮಾಡಲಿ? — ರಾಜಾಜಿನಗರ, ಬೆಂಗಳೂರು

ಉ: ರಗ್ ಚಿಕ್ಕದಾಗಿದೆ, ಅಷ್ಟೇ. ಸೋಫಾದ ಮುಂದಿನ ಎರಡು ಕಾಲುಗಳು ರಗ್ಗಿನ ಮೇಲೆ ಕೂರಬೇಕು. ಸೋಫಾದ ಎರಡೂ ತುದಿ ದಾಟಿ ರಗ್ ಕನಿಷ್ಠ ಅರ್ಧ ಅಡಿ ಹೊರಗೆ ಚಾಚಿರಬೇಕು. ನಿಮ್ಮದು 7 ಅಡಿ ಸೋಫಾ ಆದ್ದರಿಂದ ರಗ್ಗಿನ ಉದ್ದ 8 ಅಡಿಗಿಂತ ಕಡಿಮೆ ಆಗುವಂತಿಲ್ಲ. ಬದಿಯ ಕುರ್ಚಿಗಳ ಮುಂಗಾಲೂ ಮೇಲೆ ಬರಬೇಕೆಂದರೆ 9 ಅಡಿ ಬೇಕು.

ಈಗ ಅಗಲ. ಹಾಲಿನ 11 ಅಡಿಯಲ್ಲಿ ಸೋಫಾಕ್ಕೆ 3 ಅಡಿ, ಟಿ.ವಿ. ಕಪಾಟಿಗೆ ಒಂದೂವರೆ ಅಡಿ ಹೋದರೆ ನಡುವೆ ಉಳಿಯುವುದು ಆರೂವರೆ ಅಡಿ. 6×9 ರಗ್ಗನ್ನು ಸೋಫಾದ ಅಡಿಗೆ 8 ಇಂಚು ತಳ್ಳಿ ಹಾಸಿದರೆ, ಅದು ಸೋಫಾದ ಮುಂದೆ 5 ಅಡಿ 4 ಇಂಚಿನವರೆಗೆ ಬಂದು ನಿಲ್ಲುತ್ತದೆ. ಕಪಾಟಿಗೆ ಮೊದಲು 14 ಇಂಚು ನೆಲ ಖಾಲಿ ಉಳಿಯುತ್ತದೆ. ಇದು ಸರಿಯಾದ ಅಳತೆ. ಅಂಗಡಿಯವರು 8×10 ತೋರಿಸಿ ‘ಹಾಲ್‌ಗೆ ಇದೇ ಹಾಕಿ’ ಅಂದರೆ ಒಪ್ಪಬೇಡಿ. ಅದು ನಿಮ್ಮ ಕಪಾಟಿನ ಅಡಿಗೆ ಹೋಗಿ ಮಡಚಿಕೊಳ್ಳುತ್ತದೆ.

ಕೊಳ್ಳುವ ಮುಂಚೆ ಮನೆಯಲ್ಲಿರುವ ಬೆಡ್‌ಶೀಟ್ ಹಾಸಿ ನೋಡಿ. ಒಬ್ಬರು ಮಲಗುವ ಹಾಸಿಗೆಯ ಶೀಟ್ ಸಾಮಾನ್ಯವಾಗಿ 60×90 ಇಂಚು, ಅಂದರೆ 5×8 ರಗ್ಗಿಗೆ ಹತ್ತಿರ. ಇಬ್ಬರದು 90×108 ಇಂಚು, ಅದನ್ನು 6×9 ಅಡಿಗೆ ಮಡಚಿಕೊಳ್ಳಬಹುದು. ಹಾಸಿದ ಮೇಲೆ ಎರಡು ದಿನ ಹಾಗೇ ಬಿಡಿ. ಯಾರು ಎಲ್ಲಿ ಎಡವುತ್ತಾರೆ, ಬಾಲ್ಕನಿ ಬಾಗಿಲು ಎಲ್ಲಿ ತಾಗುತ್ತದೆ ಎಂಬುದೆಲ್ಲ ಅಷ್ಟರಲ್ಲಿ ಗೊತ್ತಾಗುತ್ತದೆ.

4×6 ಅನ್ನು ಎಸೆಯಬೇಡಿ. ಮಕ್ಕಳ ಕೋಣೆಯಲ್ಲಿ ಮಂಚದ ಪಕ್ಕಕ್ಕೆ ಅದು ಹೇಳಿ ಮಾಡಿಸಿದಂತಿರುತ್ತದೆ.

ಪ್ರ: ನಮ್ಮ ಮನೆಯಲ್ಲಿ ಹಾಲ್, ಊಟದ ಜಾಗ, ಕೋಣೆಗಳಿಗೆ ಹೋಗುವ ಓಣಿ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತವೆ. ಎಲ್ಲ ಕಡೆ ಒಂದೇ ಡಿಸೈನಿನ ರಗ್ ಸೆಟ್ ತಗೊಳ್ಳೋಣ ಅಂತ ನನ್ನ ಯಜಮಾನರು, ಬೇಡ ಅಂತ ನಾನು. ಹೊಂದಿಕೆ ಹೇಗೆ ಮಾಡಬೇಕು? — ದಾವಣಗೆರೆ

ಉ: ಸೆಟ್ ಬೇಡ ಎಂಬ ನಿಮ್ಮ ಮಾತೇ ಸರಿ. ಮೂರು ಕಡೆ ಒಂದೇ ರಗ್ ಕಂಡರೆ ಮನೆಗೆ ಹೋಟೆಲ್ ಓಣಿಯ ಕಳೆ ಬರುತ್ತದೆ. ಆದರೆ ಒಂದೊಂದು ಕೋಣೆಗೆ ಒಂದೊಂದು ದಿನ ಮನಸ್ಸಿಗೆ ಬಂದದ್ದನ್ನು ತಂದರೂ ಕಷ್ಟ. ಮನೆಯವರ ಆತಂಕ ಅದೇ ಇರಬೇಕು.

ಮುಂಬಾಗಿಲಲ್ಲಿ ನಿಂತು ನೋಡಿ. ಅಲ್ಲಿಂದ ಒಟ್ಟಿಗೆ ಕಾಣುವ ಹಾಸುಗಳೆಲ್ಲ ಒಂದು ಮನೆತನದವು. ಕದ ಹಾಕಿದ ಮಲಗುವ ಕೋಣೆಯಲ್ಲಿ ಏನಿದ್ದರೂ ಇಲ್ಲಿಗೆ ಲೆಕ್ಕವಿಲ್ಲ, ಅಲ್ಲಿ ನಿಮ್ಮಿಷ್ಟ. ಒಟ್ಟಿಗೆ ಕಾಣುವುದರಲ್ಲಿ ಹಾಲಿನದು ದೊಡ್ಡದು, ಅದನ್ನು ಮೊದಲು ಕೊಳ್ಳಿ. ಅದರಲ್ಲಿ ಮೂರು ಬಣ್ಣ ಇವೆ ಅಂದುಕೊಳ್ಳಿ: ನೆಲಕ್ಕೆ ನೀಲಿ, ಬಳ್ಳಿಗೆ ಕೆನೆಬಿಳಿ, ಹೂವಿಗೆ ಅಲ್ಲಲ್ಲಿ ಇಟ್ಟಿಗೆ ಕೆಂಪು. ಓಣಿಯ ರನ್ನರ್‌ಗೆ ಎರಡನೇ ಬಣ್ಣವನ್ನು ಮುಖ್ಯವಾಗಿಸಿ, ಅಂದರೆ ಕೆನೆಬಿಳಿ ಮೈಗೆ ನೀಲಿ ಅಂಚು. ಊಟದ ಜಾಗಕ್ಕೆ ಏನಾದರೂ ಹಾಸುವುದಾದರೆ ನೀಲಿಯಲ್ಲೇ ಒಂದು ಛಾಯೆ ಗಾಢವಾದ, ಚಿತ್ತಾರವಿಲ್ಲದ್ದು. ಇಟ್ಟಿಗೆ ಕೆಂಪನ್ನು ದಿಂಬಿನ ಕವರಿಗೋ ಬಾಗಿಲ ಕಾಲೊರಸಿಗೋ ಬಿಡಿ. ಹೀಗೆ ಒಂದರ ಬಣ್ಣ ಇನ್ನೊಂದರಲ್ಲಿ ಸಿಗಬೇಕು, ಆದರೆ ಅದೇ ಪ್ರಮಾಣದಲ್ಲಿ ಬರಬಾರದು.

ಚಿತ್ತಾರದ ಲೆಕ್ಕವೂ ಇದೆ. ದೊಡ್ಡ ಹೂವಿನ ಪಕ್ಕ ಇನ್ನೊಂದು ದೊಡ್ಡ ಹೂವು ಇಟ್ಟರೆ ಎರಡೂ ಕೆಡುತ್ತವೆ. ದೊಡ್ಡ ಹೂವಿನ ರಗ್ಗಿಗೆ ಸಣ್ಣ ಚೌಕುಳಿ ಅಥವಾ ಪಟ್ಟೆಯ ರನ್ನರ್ ಹೊಂದುತ್ತದೆ. ಪಟ್ಟೆ ಓಣಿಯ ಉದ್ದಕ್ಕೆ ಇದ್ದರೆ ಓಣಿ ಇನ್ನೂ ಉದ್ದ ಕಾಣುತ್ತದೆ, ಅಡ್ಡಕ್ಕೆ ಇದ್ದರೆ ಅಗಲ ಕಾಣುತ್ತದೆ. ಕಿರಿದಾದ ಓಣಿಗೆ ಅಡ್ಡಪಟ್ಟೆಯೇ ವಾಸಿ.

ಎಲ್ಲರೂ ಮರೆಯುವುದು ನೆಲದ ಬಣ್ಣವನ್ನು. ನಮ್ಮಲ್ಲಿ ‘ಬಿಳಿ ಟೈಲ್ಸ್’ ಅನ್ನುವ ವಿಟ್ರಿಫೈಡ್ ಟೈಲುಗಳಲ್ಲಿ ಬಹಳಷ್ಟು ದಂತವರ್ಣದವು, ಸ್ವಲ್ಪ ಹಳದಿಗೆ ತಿರುಗಿರುತ್ತವೆ. ಅದರ ಮೇಲೆ ತಣ್ಣನೆಯ ಬೂದು ರಗ್ ಹಾಸಿದರೆ ಟೈಲು ಕೊಳೆಯಾದಂತೆ ಕಾಣುತ್ತದೆ. ಅಲ್ಲಿಗೆ ಕಂದು, ಜೇನು, ಎಲೆಹಸಿರು, ಗಾಢ ನೀಲಿ ಕೂಡಿಬರುತ್ತವೆ. ಬೂದು ಟೈಲಿಗೆ ಬೂದು ರಗ್ಗಿಗಿಂತ ಸಾಸಿವೆ ಹಳದಿ, ಇಟ್ಟಿಗೆ ಕೆಂಪು ಚೆನ್ನ. ಕೋಟಾ ಕಲ್ಲಿನಲ್ಲಿ ಹಸಿರು ಛಾಯೆ ಇರುವುದರಿಂದ ಕೆನೆಬಿಳಿ ಮತ್ತು ತುಕ್ಕುಗೆಂಪು ಎರಡೂ ಎದ್ದು ಕಾಣುತ್ತವೆ. ಅಂಗಡಿಯ ಬಿಳಿ ದೀಪದ ಕೆಳಗೆ ನೋಡಿದ ಬಣ್ಣ ನಿಮ್ಮ ಮನೆಯ ಹಳದಿ ಎಲ್‌ಇಡಿ ಕೆಳಗೆ ಬೇರೆಯೇ ಆಗುತ್ತದೆ. ಸಾಧ್ಯವಾದರೆ ಮನೆಗೆ ತಂದು ಹಾಸಿ, ಹಗಲು ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿದ ಮೇಲೆಯೇ ದುಡ್ಡು ಕೊಡುವ ಕರಾರು ಮಾಡಿಕೊಳ್ಳಿ. ದೊಡ್ಡ ಅಂಗಡಿಗಳಲ್ಲಿ ಹಲವರು ಒಪ್ಪುತ್ತಾರೆ.

ಕತ್ತರಿಸಿದ ಎಳೆಯ ರಗ್ಗುಗಳಿಗೆ, ಅಂದರೆ ಮೇಲ್ಮೈಯಲ್ಲಿ ನೂಲಿನ ತುದಿಗಳು ಎದ್ದು ನಿಂತಿರುವವಕ್ಕೆ, ಒಂದು ಗುಣ ಇದೆ. ಅಂಗೈಯನ್ನು ಮೇಲೆ ಸವರಿ: ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಒರಟು. ಎಳೆಗಳು ಒಂದೇ ಕಡೆಗೆ ಬಾಗಿರುವುದೇ ಕಾರಣ. ಬಾಗಿದ ದಿಕ್ಕಿನಿಂದ ನೋಡಿದರೆ ಬಣ್ಣ ಗಾಢ, ಎದುರು ದಿಕ್ಕಿನಿಂದ ನೋಡಿದರೆ ತಿಳಿ, ಅಥವಾ ಅದಕ್ಕೆ ತಿರುಗುಮುರುಗು. ಹಾಸುವ ದಿನ ತಿರುಗಿಸಿ ನೋಡಿ, ಬಾಗಿಲಿನಿಂದ ಯಾವುದು ಚಂದವೋ ಹಾಗೆ ಇಡಿ. ಹೊಂದಲಿಲ್ಲವೆಂದು ಹಿಂದಿರುಗಿಸುವ ರಗ್ಗುಗಳಲ್ಲಿ ಕೆಲವಕ್ಕೆ ಬೇಕಾಗಿದ್ದು ಇಷ್ಟೇ.

ಪ್ರ: ಓಣಿ 4 ಅಡಿ ಅಗಲ, 13 ಅಡಿ ಉದ್ದ. ರನ್ನರ್ ಹಾಕಿದರೆ ಜಾರುತ್ತದೆ, ತುದಿ ಸುರುಳಿ ಏಳುತ್ತದೆ, ಕೆಲಸದವಳು ನೆಲ ಒರೆಸಿದ ಮೇಲೆ ವಾಸನೆ ಬೇರೆ. ಬೇಡವೇ ಬೇಡ ಅನ್ನಿಸಿದೆ. — ವಿದ್ಯಾನಗರ, ಹುಬ್ಬಳ್ಳಿ

ಉ: ಬೇಡ ಅನ್ನುವಷ್ಟೇನೂ ಆಗಿಲ್ಲ. ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲು ಅಳತೆ ಸರಿ ಇದೆಯೇ ನೋಡಿ. 4 ಅಡಿ ಓಣಿಗೆ ಎರಡೂ ಬದಿ 5-6 ಇಂಚು ನೆಲ ಬಿಟ್ಟರೆ 3 ಅಡಿ ಅಗಲದ ರನ್ನರ್ ಬೇಕು. ಎರಡು ಅಡಿಯದು ಹಾಕಿದರೆ ನಡೆಯುವಾಗ ಒಂದು ಕಾಲು ಹಾಸಿನ ಮೇಲೆ, ಒಂದು ನೆಲದ ಮೇಲೆ ಬೀಳುತ್ತದೆ. ಎಡವುವುದು ಅಲ್ಲಿಯೇ. ಉದ್ದದ ಎರಡು ತುದಿಗೂ ಅರ್ಧರ್ಧ ಅಡಿ ಬಿಟ್ಟು 12 ಅಡಿ. ಸಿದ್ಧ ಅಳತೆಯಲ್ಲಿ ಸಿಗದಿದ್ದರೆ 10 ಅಡಿ ಸಾಕು, ಎರಡು ತುಂಡು ಜೋಡಿಸಬೇಡಿ. ಕೂಡುವ ಜಾಗ ಬೇಗನೆ ಏಳುತ್ತದೆ.

ಜಾರುವುದಕ್ಕೆ ಪಾಲಿಶ್ ಮಾಡಿದ ಟೈಲು ಕಾರಣ. ಅಡಿಗೆ ರಬ್ಬರಿನ ಜಾಲರಿ ಮ್ಯಾಟ್ ಹಾಕಬೇಕು, ರನ್ನರಿಗಿಂತ ಎಲ್ಲ ಬದಿಗೂ ಒಂದು ಇಂಚು ಚಿಕ್ಕದಾಗಿ ಕತ್ತರಿಸಿ. ಸಮ ಅಳತೆಗೆ ಹಾಕಿದರೆ ಅಂಚು ಎತ್ತಿಕೊಂಡು ಕಾಲಿಗೆ ಸಿಗುತ್ತದೆ. ಜಾಲರಿ ಹಿಡಿಯುವುದು ಧೂಳಿಲ್ಲದ, ಒಣ ನೆಲವನ್ನು ಮಾತ್ರ. ಎರಡು ತಿಂಗಳಿಗೊಮ್ಮೆ ಅದನ್ನೂ ತೊಳೆದು ನೆರಳಲ್ಲಿ ಒಣಗಿಸಿದರೆ ಹಿಡಿತ ವಾಪಸು ಬರುತ್ತದೆ.

ಸುರುಳಿ ಏಳುವುದು ಅಂಗಡಿಯಲ್ಲಿ ಬಹಳ ಕಾಲ ಸುತ್ತಿಟ್ಟಿದ್ದರಿಂದ. ತುದಿಯ ಎರಡು ಅಡಿಯನ್ನು ಉಲ್ಟಾ ದಿಕ್ಕಿಗೆ ಸಡಿಲವಾಗಿ ಸುತ್ತಿ ಒಂದು ರಾತ್ರಿ ಬಿಡಿ. ಆಮೇಲೆ ಹಾಸಿ ಮೂಲೆಗಳ ಮೇಲೆ ದಪ್ಪ ಪುಸ್ತಕ ಇಡಿ. ಪಾಲಿಪ್ರೊಪಿಲೀನ್ ರನ್ನರಿಗೆ ಇಸ್ತ್ರಿ ತಾಗಿಸಬೇಡಿ, ಅದು ಪ್ಲಾಸ್ಟಿಕ್ ನೂಲು, ಕರಗುತ್ತದೆ.

ವಾಸನೆಯ ಸಮಸ್ಯೆ ದೊಡ್ಡದು. ಒದ್ದೆ ನೆಲದ ಮೇಲೆ ತಕ್ಷಣ ರನ್ನರ್ ಬಿಡಿಸಿದರೆ ತೇವ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ರಬ್ಬರ್ ತಳ ಇದ್ದರಂತೂ ಅದಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ನೆಲ ಒರೆಸುವ ಮುಂಚೆ ರನ್ನರನ್ನು ಸುತ್ತಿ ನಿಲ್ಲಿಸಿ, ಫ್ಯಾನ್ ಹಾಕಿ ಅರ್ಧ ಗಂಟೆ ಬಿಟ್ಟು ಹಾಸಲಿ. ಮನೆಗೆಲಸದವರಿಗೆ ಇದು ದಿನದ ಹೆಚ್ಚಿನ ಕೆಲಸ. ಆದ್ದರಿಂದ ಒಬ್ಬರೇ ಸುಲಭವಾಗಿ ಎತ್ತಬಹುದಾದ ಹತ್ತಿಯ ಜಮಖಾನೆ ಜಾತಿಯ ರನ್ನರ್ ಆರಿಸುವುದು ನ್ಯಾಯ. ದಪ್ಪ ಎಳೆಯ ರನ್ನರನ್ನು ಯಾರೂ ದಿನಾ ಎತ್ತುವುದಿಲ್ಲ, ಸುತ್ತಲೇ ಒರೆಸಿಬಿಡುತ್ತಾರೆ.

ಪ್ರ: ಡ್ಯೂಪ್ಲೆಕ್ಸ್ ಮನೆ, ಗ್ರಾನೈಟ್ ಮೆಟ್ಟಿಲು 18. ಮೆಟ್ಟಿಲಿಗೂ ರನ್ನರ್ ಹಾಕಬೇಕೆಂಬ ಆಸೆ. ಅತ್ತೆಯವರಿಗೆ 74 ವರ್ಷ, ದಿನಾ ಹತ್ತಿ ಇಳಿಯುತ್ತಾರೆ. ಎಷ್ಟು ಉದ್ದ ಬೇಕು? — ಕುವೆಂಪುನಗರ, ಮೈಸೂರು

ಉ: ಉದ್ದದ ಲೆಕ್ಕ ಹೇಳುತ್ತೇವೆ. ಒಂದು ಮೆಟ್ಟಿಲಿನ ತುಳಿಯುವ ಭಾಗ 10 ಇಂಚು, ಎತ್ತರ 7 ಇಂಚು, ಮುಂಚಾಚಿನ ಸುತ್ತಿಗೆ ಒಂದು ಇಂಚು, ಒಟ್ಟು 18 ಇಂಚು. 18 ಮೆಟ್ಟಿಲಿಗೆ 27 ಅಡಿ, ಕತ್ತರಿಸುವುದಕ್ಕೂ ಮಡಿಕೆಗೂ 2 ಅಡಿ ಸೇರಿಸಿ 29 ಅಡಿ. ನಡುವೆ ತಿರುವಿನ ಹಲಗೆ ಇದ್ದರೆ ಅದರ ಉದ್ದ ಬೇರೆ ಕೂಡಿಸಬೇಕು. ಎಳೆಗಳು ಕೆಳಕ್ಕೆ ಬಾಗಿರುವಂತೆ ಹಾಸಬೇಕು, ಮೇಲ್ಮುಖವಾದರೆ ಮೆಟ್ಟಿಲಿನ ಅಂಚಿನಲ್ಲಿ ಬಾಯ್ಬಿಟ್ಟು ಬೇಗ ಸವೆಯುತ್ತದೆ.

ಆದರೆ ನಿಮ್ಮ ಮನೆಗೆ ನಮ್ಮ ಸಲಹೆ ಬೇಡ ಎಂದೇ. ಮರದ ಮೆಟ್ಟಿಲಾದರೆ ಮೊಳೆಪಟ್ಟಿ ಹೊಡೆದು ಬಿಗಿಯಬಹುದು. ಗ್ರಾನೈಟಿಗೆ ಪ್ರತಿ ಮೆಟ್ಟಿಲಿಗೂ ಎರಡು ರಂಧ್ರ ಕೊರೆದು, ಹಿತ್ತಾಳೆ ಅಥವಾ ಸ್ಟೀಲ್ ಸರಳಿನಿಂದ ಹಿಡಿಸಬೇಕು. ಅಂಚಿನ ಹತ್ತಿರ ಕೊರೆದರೆ ಕಲ್ಲು ಸೀಳುವ ಅಪಾಯ ಇದೆ. ಡಬಲ್ ಟೇಪಿನಿಂದ ಅಂಟಿಸಿದ್ದು ಧೂಳು, ಸೆಕೆಗೆ ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡದ್ದು ತುಳಿದವರಿಗೆ ಮಾತ್ರ ಗೊತ್ತಾಗುತ್ತದೆ. ವಯಸ್ಸಾದವರು ಇಳಿಯುವ ಮೆಟ್ಟಿಲಿನಲ್ಲಿ ಅಷ್ಟು ಅಪಾಯ ತೆಗೆದುಕೊಳ್ಳಬಾರದು.

ಅದರ ಬದಲು ಪ್ರತಿ ಮೆಟ್ಟಿಲಿನ ಅಂಚಿಗೆ 2 ಇಂಚು ಅಗಲದ, ಮರಳುಕಾಗದದ ಹಾಗಿರುವ ಜಾರುನಿರೋಧಕ ಪಟ್ಟಿ ಅಂಟಿಸಿ. ಮೊದಲು ಕಲ್ಲನ್ನು ಸ್ಪಿರಿಟಿನಿಂದ ಒರೆಸಿ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಕಪ್ಪು ಗ್ರಾನೈಟಾದರೆ ಹಳದಿ ಪಟ್ಟಿ ಹಾಕಿ. ಅಂಚು ಎಲ್ಲಿದೆ ಎಂದು ಕಣ್ಣಿಗೆ ಕಾಣುವುದೇ ಅರ್ಧ ರಕ್ಷಣೆ. ಮೆಟ್ಟಿಲಿನ ಬುಡದಲ್ಲಿ ಮತ್ತು ತುದಿಯಲ್ಲಿ ಸಡಿಲ ಕಾಲೊರಸು ಇದ್ದರೆ ಇವತ್ತೇ ತೆಗೆದುಬಿಡಿ. ರನ್ನರ್ ಆಸೆಯನ್ನು ಮೇಲಿನ ಓಣಿಗೆ ಇಟ್ಟುಕೊಳ್ಳಿ.

ಪ್ರ: ನಮ್ಮದು ಹಳೇ ತೊಟ್ಟಿಮನೆ, ಕೆಂಪು ರೆಡ್‌ಆಕ್ಸೈಡ್ ನೆಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸಿದ್ದೆಲ್ಲ ಬೂಸ್ಟು ಹಿಡಿಯುತ್ತದೆ. ಯಾವುದು ತಡೆಯುತ್ತದೆ? — ಸಾಗರ

ಉ: ಮಲೆನಾಡಿನ ಮಳೆಗೆ ಯಾವ ನಾರೂ ಪೂರ್ತಿ ತಡೆಯುವುದಿಲ್ಲ. ಸೆಣಬು ಎಲ್ಲಕ್ಕಿಂತ ಮೊದಲು ಸೋಲುತ್ತದೆ, ತೇವ ತಾಗಿದ ಜಾಗ ಕಂದಾಗಿ ಆಮೇಲೆ ಕೊಳೆಯುತ್ತದೆ. ತಳಕ್ಕೆ ಅಂಟು ಬಳಿದ ರಗ್ಗುಗಳು ನಾಲ್ಕೈದು ಮಳೆಗಾಲಕ್ಕೆ ಪುಡಿ ಉದುರಿಸಲು ಶುರುಮಾಡುತ್ತವೆ. ತೆಂಗಿನ ನಾರು ನೀರಿಗೆ ಗಟ್ಟಿ, ಆದ್ದರಿಂದ ಬಾಗಿಲ ಹೊರಗಿನ ಜಗುಲಿಗೆ ಅದೇ ಸರಿ. ಒಳಗೆ ತೆಳುವಾದ ಹತ್ತಿ ಜಮಖಾನೆ ಹಾಸಿ, ಒಣಗುವುದು ಬೇಗ, ಬೂಸ್ಟು ಹಿಡಿದರೂ ಒಗೆಯಬಹುದು. ಉಣ್ಣೆಯದು ಏನಾದರೂ ಇದ್ದರೆ ಮೇ ಕೊನೆಗೇ ಎತ್ತಿಬಿಡಿ.

ಎತ್ತಿಡುವ ಕ್ರಮ: ಒಂದು ಪೂರ್ತಿ ದಿನ ಬಿಸಿಲಿಗೆ ಹಾಕಿ, ಹಿಂಭಾಗ ಮೇಲಾಗಿ. ಕೋಲಿನಿಂದ ಹಿಂದಿನಿಂದ ತಟ್ಟಿ ಧೂಳು ಕೆಡವಿ. ಬಿಸಿ ಪೂರ್ತಿ ಆರಿದ ಮೇಲೆ ಸುತ್ತಿ, ಮಡಚಬೇಡಿ, ಮಡಿಕೆಯಲ್ಲಿ ನೂಲು ಮುರಿಯುತ್ತದೆ. ಹಳೇ ಕಾಟನ್ ಸೀರೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಸುತ್ತಬೇಡಿ. ಒಳಗೆ ಒಣ ಬೇವಿನ ಸೊಪ್ಪು ಇಡುವುದು ರೂಢಿಯಲ್ಲಿದೆ, ಇಡಿ. ಆದರೆ ಉಣ್ಣೆ ತಿನ್ನುವ ಹುಳುವಿನ ಮರಿಗಳು ಬೆಳೆಯುವುದು ಕೊಳೆ ಮತ್ತು ಕತ್ತಲೆಯಲ್ಲಿ. ಶುಚಿಯಾಗಿ ಎತ್ತಿಟ್ಟು, ಮಳೆ ಬಿಡುವು ಕೊಟ್ಟ ದಿನ ಒಮ್ಮೆ ಬಿಚ್ಚಿ ನೋಡುವುದು ಬೇವಿಗಿಂತ ದೊಡ್ಡ ಔಷಧ.

ಬಣ್ಣ: ಕೆಂಪು ನೆಲಕ್ಕೆ ಮರೂನ್, ಕಿತ್ತಳೆ ಹಾಸಿದರೆ ಎರಡೂ ಮಂಕು. ಕೆನೆಬಿಳಿ, ಗಾಢ ನೀಲಿ, ಕಪ್ಪು-ಬಿಳಿ ಪಟ್ಟೆಯ ಕಂಬಳಿ ಎದ್ದು ಕಾಣುತ್ತವೆ. ರಬ್ಬರ್ ತಳದ ಯಾವುದನ್ನೂ ಪಾಲಿಶ್ ಆದ ರೆಡ್‌ಆಕ್ಸೈಡ್ ಮೇಲೆ ತಿಂಗಳುಗಟ್ಟಲೆ ಬಿಡಬೇಡಿ. ಎತ್ತಿದಾಗ ಅಚ್ಚು ಉಳಿಯುತ್ತದೆ, ಅದನ್ನು ತೆಗೆಯಲು ನೆಲವನ್ನೇ ಮತ್ತೆ ಪಾಲಿಶ್ ಮಾಡಿಸಬೇಕಾಗುತ್ತದೆ.

ಪ್ರ: ಊಟದ ಮೇಜಿನ ಕೆಳಗೆ ರಗ್ ಹಾಕುವುದು ಸರಿಯೇ? ಮೇಜು 3×5 ಅಡಿ, ಆರು ಕುರ್ಚಿ. — ತುಮಕೂರು

ಉ: ಮೇಜಿನ ನಾಲ್ಕೂ ಬದಿಗೆ 2 ಅಡಿ ಸೇರಿಸಿ, 7×9 ಆಯಿತು. ಸಿಗುವ ಅಳತೆ 8×10. ಅದಕ್ಕಿಂತ ಚಿಕ್ಕದಾದರೆ ಕುರ್ಚಿ ಹಿಂದಕ್ಕೆ ಎಳೆದಾಗ ಹಿಂಗಾಲು ಅಂಚಿನಿಂದ ಕೆಳಗಿಳಿದು, ವಾಪಸು ಎಳೆಯುವಾಗ ರಗ್ಗನ್ನೇ ಮಡಚಿಬಿಡುತ್ತದೆ. ಅಷ್ಟು ಜಾಗ ಇಲ್ಲದಿದ್ದರೆ ಹಾಸದೇ ಇರುವುದೇ ಉತ್ತಮ. ಇದ್ದರೂ ಎಳೆಯ ರಗ್ ಬೇಡ. ಅನ್ನದ ಅಗುಳು ಒಳಗೆ ಸೇರಿ ಇರುವೆ ಬರುತ್ತದೆ. ಚಪ್ಪಟೆ ನೇಯ್ಗೆಯ ಹತ್ತಿ, ಅಥವಾ ನೀರಿಗೆ ಹೆದರದ ಪಾಲಿಪ್ರೊಪಿಲೀನ್ ಇರಲಿ.

ಸಾರು ಚೆಲ್ಲಿದರೆ ಉಜ್ಜಬೇಡಿ. ಬಿಳಿ ಬಟ್ಟೆ ಒತ್ತಿ ಒತ್ತಿ ಹೀರಿಸಿ, ಅಂಚಿನಿಂದ ನಡುವಿನ ಕಡೆಗೆ. ಒಗ್ಗರಣೆ ಎಣ್ಣೆ ಉಳಿದಿದ್ದರೆ ಕಾರ್ನ್‌ಫ್ಲೋರ್ ಉದುರಿಸಿ ಅರ್ಧ ಗಂಟೆ ಬಿಟ್ಟು ಗುಡಿಸಿ. ಅರಿಶಿನದ ಕಲೆಗೆ ಸೋಪು ಹಾಕಿದಾಗ ಕೆಂಪಾದರೆ ಗಾಬರಿ ಬೇಡ, ಕ್ಷಾರಕ್ಕೆ ಅರಿಶಿನ ಹಾಗೇ ತಿರುಗುತ್ತದೆ. ಸೋಪು ಹೋಗುವಂತೆ ತೊಳೆದು ಬಿಸಿಲಿಗೆ ಹಾಕಿ. ಬಿಸಿಲು ಅರಿಶಿನದ ಬಣ್ಣವನ್ನು ಮುರಿಯುತ್ತದೆ, ಎರಡು ಮೂರು ದಿನಕ್ಕೆ ಬಹಳಷ್ಟು ಹೋಗುತ್ತದೆ.

ಪ್ರ: ಪ್ರದರ್ಶನ-ಮಾರಾಟದಲ್ಲಿ ಎಲ್ಲರೂ ‘ಇದು ಕೈಯಲ್ಲಿ ಗಂಟು ಹಾಕಿದ ರತ್ನಗಂಬಳಿ, ಉತ್ತರ ಪ್ರದೇಶದ ಭದೋಹಿಯದು’ ಅನ್ನುತ್ತಾರೆ. ನಿಜವೋ ಅಲ್ಲವೋ ತಿಳಿಯುವುದು ಹೇಗೆ? — ಬೆಳಗಾವಿ

ಉ: ಮೂಲೆಯನ್ನು ಹಿಡಿದು ಒಂದು ಅಡಿಯಷ್ಟು ಮಗುಚಿ. ಬೇಕಾದ್ದೆಲ್ಲ ಹಿಂಭಾಗದಲ್ಲೇ ಇರುತ್ತದೆ.

ಕೈಗಂಟಿನದಾದರೆ ಮುಂದಿನ ಚಿತ್ತಾರ ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ಗಂಟೂ ಸಣ್ಣ ಉಬ್ಬಾಗಿ ಬೆರಳಿಗೆ ಸಿಗುತ್ತದೆ. ಸಾಲುಗಳು ಅಲ್ಲಲ್ಲಿ ಕೂದಲೆಳೆಯಷ್ಟು ಓರೆ ಇರುತ್ತವೆ. ತುದಿಯ ಕುಚ್ಚು ಬೇರೆಯದಲ್ಲ, ಮೈಯೊಳಗಿನ ಹಾಸುನೂಲೇ ಹೊರಗೆ ಬಂದು ಕುಚ್ಚಾಗಿರುತ್ತದೆ. ಮುಂಭಾಗದ ಎಳೆಗಳನ್ನು ಎರಡು ಬೆರಳಿನಿಂದ ಬಿಡಿಸಿ ಬುಡ ನೋಡಿದರೆ ಗಂಟು ಕಾಣುತ್ತದೆ. ಹಿಂದೆ ಒಂದು ಇಂಚಿನಲ್ಲಿ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಎಣಿಸಿ ಗುಣಿಸಿ: 10 ಮತ್ತು 10 ಬಂದರೆ ಚದರ ಇಂಚಿಗೆ 100 ಗಂಟು. ಬೆಲೆ ಮಾತಾಡುವಾಗ ಈ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿ, ಅಂಗಡಿಯವರ ಧಾಟಿ ಬದಲಾಗುತ್ತದೆ.

ಹಿಂಭಾಗಕ್ಕೆ ದಪ್ಪ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಬಟ್ಟೆಯ ಮೇಲೆ ಗನ್ನಿನಿಂದ ನೂಲು ಚುಚ್ಚಿ, ಹಿಂದೆ ಲೇಟೆಕ್ಸ್ ಅಂಟು ಬಳಿದು ಬಟ್ಟೆ ಮುಚ್ಚಿರುತ್ತಾರೆ. ಕುಚ್ಚನ್ನು ಆಮೇಲೆ ಹೊಲಿದಿರುತ್ತಾರೆ. ಇದೂ ಕೈಕೆಲಸವೇ, ಕಡಿಮೆ ಬೆಲೆಗೆ ಒಳ್ಳೆಯ ಉಣ್ಣೆ ಸಿಗುತ್ತದೆ, ಕೊಳ್ಳಬಾರದೆಂದಿಲ್ಲ. ಆದರೆ ಗಂಟಿನ ಬೆಲೆ ಕೊಡಬೇಡಿ. ಅಂಟು ಒಣಗಿದ ಮೇಲೆ ಅದರ ಆಯಸ್ಸು ಮುಗಿಯಿತು, ಗಂಟಿನದು ತಲೆಮಾರು ದಾಟುತ್ತದೆ. ಹಿಂಭಾಗ ಸ್ಕೇಲಿನಲ್ಲಿ ಗೆರೆ ಎಳೆದಷ್ಟು ನೇರವಾಗಿದ್ದು, ಅಂಚಿಗೆ ಮೆಷಿನ್ ಹೊಲಿಗೆ ಇದ್ದರೆ ಯಂತ್ರದ್ದು.

ನೂಲಿನ ಪರೀಕ್ಷೆಗೆ ಉದುರಿದ ಒಂದೆರಡು ಎಳೆ ಕೇಳಿ ಪಡೆದು, ಹೊರಗೆ ಬಂದು ಬೆಂಕಿಕಡ್ಡಿ ತಾಗಿಸಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಪ್ಲಾಸ್ಟಿಕ್ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ‘ಆರ್ಟ್ ಸಿಲ್ಕ್’, ‘ಬಿದಿರು ರೇಷ್ಮೆ’ ಎಂದು ಹೊಳೆಯುವುದು ಹೆಚ್ಚಾಗಿ ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ನೂಲು), ಅದೂ ಕಾಗದದಂತೆಯೇ ಉರಿಯುತ್ತದೆ. ನೀರು ಬಿದ್ದರೆ ಹಳದಿಯಾಗಿ ಎಳೆ ಮುದುಡುತ್ತದೆ. ಮಕ್ಕಳಿರುವ ಮನೆಗೆ ಅದನ್ನು ಒಯ್ಯಬೇಡಿ.

ಇನ್ನೊಂದು ವಿಷಯವನ್ನೂ ಕೇಳಿ. ಗಂಟು ಹಾಕುವ ಕೆಲಸದಲ್ಲಿ ಮಕ್ಕಳನ್ನು ದುಡಿಸಿದ ಕೆಟ್ಟ ಚರಿತ್ರೆ ಈ ಉದ್ಯಮಕ್ಕಿದೆ. ಅದರ ವಿರುದ್ಧ ಕೈಲಾಶ್ ಸತ್ಯಾರ್ಥಿ 1994ರಲ್ಲಿ ರಗ್‌ಮಾರ್ಕ್ ಎಂಬ ಗುರುತು ತಂದರು, ಅದೇ ಈಗ ಗುಡ್‌ವೀವ್. ಹಿಂಬದಿಯಲ್ಲಿ ಆ ಚೀಟಿ, ಅದರ ಮೇಲೆ ಸಂಖ್ಯೆ ಇದ್ದರೆ ನೋಡಿ ಕೊಳ್ಳಿ.

ಪ್ರ: ಮನೆಯಲ್ಲಿ ನವಲಗುಂದದ ಹಳೇ ಜಮಖಾನೆ ಇದೆ. ಪೆಟ್ಟಿಗೆಯಲ್ಲಿಡುವುದೋ ಬಳಸುವುದೋ? ಬಳಸಿದರೆ ಈಗಿನ ಸೋಫಾಕ್ಕೆ ಹೊಂದುತ್ತದೆಯೇ? — ಧಾರವಾಡ

ಉ: ಬಳಸಿ. ಅದು ನಡೆದಾಡುವುದಕ್ಕೇ ನೇಯ್ದದ್ದು. ಭೌಗೋಳಿಕ ಗುರುತು ಪಡೆದ ಈ ಜಮಖಾನೆಯನ್ನು ನವಲಗುಂದದ ಹೆಣ್ಣುಮಕ್ಕಳು ನಿಲುವಿನ ಮಗ್ಗದ ಮುಂದೆ ಕೂತು ನೇಯುತ್ತಾರೆ. ಬಣ್ಣ ಬದಲಾಗುವ ಜಾಗದಲ್ಲಿ ಒಂದು ಬಣ್ಣದ ಹೊಕ್ಕುನೂಲು ಪಕ್ಕದ ಬಣ್ಣದ ನೂಲಿಗೆ ಕೊಕ್ಕೆ ಹಾಕಿಕೊಂಡು ಹಿಂದಕ್ಕೆ ತಿರುಗುತ್ತದೆ. ಬೆಳಕಿಗೆ ಹಿಡಿದು ನೋಡಿ, ನವಿಲಿನ ಅಂಚಿನಲ್ಲಾಗಲಿ ಪಗಡೆ ಮನೆಯ ಅಂಚಿನಲ್ಲಾಗಲಿ ಸೀಳು ಕಾಣಬಾರದು. ಮೇಲೆ ಕೆಳಗೆ ಎರಡೂ ಕಡೆ ಒಂದೇ ಚಿತ್ತಾರ ಇರುವುದರಿಂದ ಆರು ತಿಂಗಳಿಗೊಮ್ಮೆ ಮಗುಚಿ ಹಾಸಿದರೆ ಸವೆತ ಹಂಚಿಹೋಗುತ್ತದೆ. ಎಳೆಯ ರಗ್ಗಿಗೆ ಈ ಅನುಕೂಲ ಇಲ್ಲ.

ತೊಳೆಯುವ ಮುಂಚೆ ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ, ಮುಖ್ಯವಾಗಿ ಕೆಂಪು, ಮನೆಯಲ್ಲಿ ನೀರಿಗೆ ಹಾಕಲೇಬೇಡಿ. ಹತ್ತದಿದ್ದರೆ ತಣ್ಣೀರು, ಸೌಮ್ಯ ಸೋಪಿನ ದ್ರಾವಣ ಸಾಕು. ಹಿಂಡದೆ ಚಪ್ಪಟೆಯಾಗಿ ನೆರಳಲ್ಲಿ ಒಣಗಿಸಿ. ಹಗ್ಗದ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಆಕಾರ ಕೆಡುತ್ತದೆ.

ಸೋಫಾಕ್ಕೆ ಹೊಂದುತ್ತದೆಯೇ ಎಂದರೆ, ಜಮಖಾನೆಯ ಬಣ್ಣಗಳು ಗಟ್ಟಿ. ಅದಿರುವ ಕೋಣೆಯಲ್ಲಿ ಬೇರೆ ಯಾವುದಕ್ಕೂ ಚಿತ್ತಾರ ಬೇಡ. ಚಿತ್ತಾರವಿಲ್ಲದ ಸೋಫಾ, ಚಿತ್ತಾರವಿಲ್ಲದ ಪರದೆ ಇರಲಿ. ಪಕ್ಕದ ಓಣಿಗೆ ಜಮಖಾನೆಯ ಒಂದೇ ಬಣ್ಣ ತೆಗೆದುಕೊಂಡ ಸಾದಾ ರನ್ನರ್ ಹಾಕಿ. ಅಳತೆ ಸೋಫಾಕ್ಕೆ ಚಿಕ್ಕದಾದರೆ, ಅಡಿಗೆ 6×9ರ ಸಾದಾ ಕೆನೆಬಣ್ಣದ ಹಾಸು ಹಾಕಿ ಅದರ ಮೇಲೆ ಜಮಖಾನೆ ಬಿಡಿಸಿ, ಸುತ್ತ ಒಂದೊಂದು ಅಡಿಯಾದರೂ ಅಡಿಯದು ಕಾಣುವಂತೆ. ಅಡಿಯದೂ ಚಪ್ಪಟೆ ನೇಯ್ಗೆಯೇ ಆಗಿರಬೇಕು, ಎಳೆಯ ಮೇಲೆ ಜಮಖಾನೆ ನಿಲ್ಲುವುದಿಲ್ಲ.

ಚಿಕ್ಕ ಪ್ರಶ್ನೆಗಳು

ಮಂಚ 6×6½ ಅಡಿ. ರಗ್ ಎಷ್ಟು? — ಮಂಗಳೂರು. ಒಂದೇ ದೊಡ್ಡದು ಬೇಕಾದರೆ 8×10 ಅನ್ನು ಮಂಚಕ್ಕೆ ಅಡ್ಡವಾಗಿ, ಕಾಲಿನ ಕಡೆಯಿಂದ ಮೂರರಲ್ಲಿ ಎರಡು ಭಾಗದವರೆಗೆ ಹಾಸಿ, ಎರಡೂ ಬದಿ ಎರಡೆರಡು ಅಡಿ ಸಿಗುತ್ತದೆ. ಸೆಕೆಯ ಊರಿಗೆ ಎರಡು ಬದಿಗೆ 2×6ರ ಹತ್ತಿ ರನ್ನರ್ ಜೋಡಿಯೇ ಹಗುರ, ಒಗೆಯಲೂ ಸುಲಭ.

ಬಾಗಿಲು ರಗ್ಗಿಗೆ ಸಿಕ್ಕಿಕೊಳ್ಳುತ್ತದೆ. — ಹಾಸನ. ಕೊಳ್ಳುವ ಮುಂಚೆ ಬಾಗಿಲಿನ ಅಡಿಗೆ ರಟ್ಟು ಮಡಚಿ ತೂರಿಸಿ ಸಂದು ಅಳೆಯಿರಿ. ಚಪ್ಪಟೆ ನೇಯ್ಗೆ 5 ಮಿ.ಮೀ. ಆಸುಪಾಸು, ಸಾಮಾನ್ಯ ಎಳೆಯದು 10-15, ಜೂಲು ರಗ್ 30 ದಾಟುತ್ತದೆ. ಜಾಲರಿ ಮ್ಯಾಟಿನ 2-3 ಮಿ.ಮೀ. ಸೇರಿಸಲು ಮರೆಯಬೇಡಿ. ಬಾಗಿಲು ಕೊಯ್ಯಿಸುವುದಕ್ಕಿಂತ ರಗ್ ಬದಲಿಸುವುದು ಅಗ್ಗ.

ರೋಬೊ ವ್ಯಾಕ್ಯೂಮ್ ರಗ್ಗಿನ ಮೇಲೆ ನಿಂತುಬಿಡುತ್ತದೆ. — ವೈಟ್‌ಫೀಲ್ಡ್. ಕುಚ್ಚು ಬ್ರಷ್ಷಿಗೆ ಸುತ್ತಿಕೊಂಡಿರಬೇಕು, ಕುಚ್ಚನ್ನು ಅಡಿಗೆ ಮಡಚಿ. ರಗ್ ಕಪ್ಪಾಗಿದ್ದರೆ ಕೆಲವು ಯಂತ್ರಗಳು ಅದನ್ನು ಮೆಟ್ಟಿಲಿನ ಹಳ್ಳವೆಂದು ತಿಳಿದು ಹಿಂದೆ ಸರಿಯುತ್ತವೆ, ಅದಕ್ಕೆ ಬಣ್ಣ ಬದಲಿಸುವುದೊಂದೇ ದಾರಿ.

ಹೊಸ ಉಣ್ಣೆ ರಗ್ ತುಂಬಾ ನೂಲು ಉದುರಿಸುತ್ತಿದೆ. — ವಿಜಯಪುರ. ಮೊದಲ ಕೆಲವು ತಿಂಗಳು ಸಹಜ. ವಾರಕ್ಕೊಮ್ಮೆ ತಿರುಗುವ ಬ್ರಷ್ ಬಂದ್ ಮಾಡಿ ವ್ಯಾಕ್ಯೂಮ್ ಮಾಡಿ. ಎದ್ದ ಎಳೆಯನ್ನು ಎಳೆಯಬೇಡಿ, ಕತ್ತರಿಯಿಂದ ಸಮ ಮಾಡಿ.

ಇಲ್ಲಿ ಮರದ ನೆಲ. ಊರಿಂದ ತಂದ ಜಮಖಾನೆ ಅಡಿಗೆ ಏನು ಹಾಕಲಿ? — ನ್ಯೂಜೆರ್ಸಿ. ಅಗ್ಗದ ಪಿವಿಸಿ ಜಾಲರಿ ಬೇಡ, ಮರದ ಮೇಲಿನ ಲೇಪಕ್ಕೆ ಅಂಟಿ ಕಲೆ ಬಿಡುತ್ತದೆ. ಫೆಲ್ಟ್ ಮತ್ತು ನೈಸರ್ಗಿಕ ರಬ್ಬರ್ ಸೇರಿದ ಪ್ಯಾಡ್ ಕೇಳಿ, ನಿಮ್ಮ ನೆಲದ ಲೇಪಕ್ಕೆ ಸರಿಯೆಂದು ಪ್ಯಾಕಿನ ಮೇಲೆ ಬರೆದಿರಬೇಕು. ಕಿಟಕಿಯ ಬಿಸಿಲು ಬೀಳುವ ಕಡೆ ಮರದ ಬಣ್ಣ ಬದಲಾಗುತ್ತದೆ, ಹಾಸಿನ ಅಡಿಯದು ಬದಲಾಗುವುದಿಲ್ಲ. ಆದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ಜಮಖಾನೆಯ ಜಾಗ ಸ್ವಲ್ಪ ಬದಲಿಸುತ್ತಿರಿ.